ಹೊಟ್ಟೆಯೊಳಗಿನ ವರ್ಷ

ಗೋಹುಂಗ್, ಏಪ್ರಿಲ್ 2, 2018

ನನ್ನ ದಾಮಿಗೆ,

ನಗಬೇಡ. ಇದು ನಾನು ಹುಟ್ಟಿದ ಮೇಲೆ ಬರೆಯುತ್ತಿರುವ ಮೊದಲ ಪತ್ರ. ಹೋದ ವರ್ಷದಿಂದ ಊರಿನ ಸಭಾಂಗಣದಲ್ಲಿ ನಮ್ಮಂಥ ಮುದುಕಿಯರನ್ನು ಕೂರಿಸಿಕೊಂಡು ಚೂ ಮೇಡಂ ಅಕ್ಷರ ಕಲಿಸುತ್ತಿದ್ದಾರೆ. ಮೇಡಂ ಅಂದರೆ ದೊಡ್ಡವರೇನಲ್ಲ, ನನ್ನ ಮೊಮ್ಮಗಳಾಗುವ ವಯಸ್ಸು. ಈ ವಾರದ ಹೋಂವರ್ಕ್, ದೂರದಲ್ಲಿರುವವರಿಗೆ ಒಂದು ಪತ್ರ. ಪಕ್ಕದ ಮನೆಯ ಬೋಕ್‌ಸುನ್ ಸತ್ತುಹೋದ ಗಂಡನಿಗೇ ಬರೆದಳು. "ಬದುಕಿದ್ದಾಗಂತೂ ನನ್ ಮಾತು ಕೇಳ್ಲಿಲ್ಲ, ಈಗಾದ್ರೂ ಓದ್ಕೊಳ್ಳಲಿ" ಅಂದಳು. ನನಗೆ ಬರೆಯಲು ನೀನಿದ್ದೀಯ.

ಫೋನು ನಮ್ಮಿಬ್ಬರಿಗೂ ಆಗಿಬರುವುದಿಲ್ಲ. ನನ್ನ ಕಿವಿ ಮಂದ, ನಿನಗೆ ನಮ್ಮ ಕೊರಿಯನ್ ಮಾತು ಮರೆತಿದೆ. ನಾನು "ಹಾಂ?" ಅನ್ನುವುದು, ನೀನು "ಹಾಂ?" ಅನ್ನುವುದು, ಕೊನೆಗೆ ಇಬ್ಬರೂ ನಕ್ಕು ಇಡುವುದು. ಅದಕ್ಕೇ ಪತ್ರ.

ನಿನ್ನ ಅಪ್ಪನ ಸಮಾಧಿಯ ಹುಲ್ಲು ಕತ್ತರಿಸಿ ಬಂದೆ. ಹೊಸವರ್ಷದ ದಿನ ಎಂದಿನಂತೆ ಅಕ್ಕಿಬಿಲ್ಲೆಯ ಸಾರು ಮಾಡಿ ಎರಡು ಬಟ್ಟಲು ತಿಂದೆ. ಒಂದು ನನ್ನದು, ಇನ್ನೊಂದು ನಿನ್ನದು. ಆ ಬಟ್ಟಲು ಖಾಲಿಯಾಗದೆ ಯಾರಿಗೂ ವಯಸ್ಸು ಏರುವುದಿಲ್ಲ, ನಿನಗೆ ನೆನಪಿರಬೇಕು. ನೀನು ಏಳುವುದು ಬೀಳುವುದು ಕಾಣದ ದೂರದಲ್ಲಿದ್ದರೂ ನಿನ್ನ ವಯಸ್ಸು ನಿಲ್ಲಬಾರದಲ್ಲ, ಅದಕ್ಕೇ ಇಷ್ಟು ವರ್ಷವೂ ನಿನ್ನ ಪಾಲಿನದನ್ನು ನಾನೇ ತಿಂದು ಏರಿಸಿದ್ದೇನೆ. ಈಗ ನಿನಗೆ ಇಪ್ಪತ್ತಮೂರು. ಮದುವೆಯ ಮಾತು ಎತ್ತುವುದಿಲ್ಲ, ಹೆದರಬೇಡ.

ಹೊಸವರ್ಷದ ದಿನ ಊರಿನ ಮುಖಂಡ ಪ್ಯೊ ಬಂದಿದ್ದ. ನಿನ್ನ ವಿಷಯವಾಗಿ ಏನೋ ಹೇಳಿದ. ಅದಿರಲಿ ಬಿಡು.

ಉತ್ತರ ಬರೆ. ತಪ್ಪಿದ್ದರೆ ಚೂ ಮೇಡಂ ತಿದ್ದುತ್ತಾರೆ, ನಿನ್ನದನ್ನೂ ನನ್ನದನ್ನೂ.

ಅಜ್ಜಿ ಮಾ ಸುನ್‌ದೊಕ್


ಬತಂಗಾಸ್, ಏಪ್ರಿಲ್ 29, 2018

ಪ್ರೀತಿಯ ಅಜ್ಜಿ,

ನಿಮ್ಮ ಪತ್ರವನ್ನು ನಿಘಂಟು ಹಿಡಿದು ಓದಿದೆ. ಎರಡನೇ ತರಗತಿಯಲ್ಲಿ ಅಲ್ಲಿನ ಶಾಲೆ ಬಿಟ್ಟವಳು ನಾನು. ನೀವೂ ಈಗ ಎರಡನೇ ತರಗತಿ. ಒಂದೇ ಬೆಂಚು ನಮ್ಮದು.

ಅಮ್ಮ ಚೆನ್ನಾಗಿದ್ದಾಳೆ. ಬಂದರಿನ ಎದುರು ಅವಳ ಲೋಮಿ ಅಂಗಡಿ ನಡೆಯುತ್ತಿದೆ. ದಪ್ಪ ನೂಡಲ್ಸ್, ದಪ್ಪ ಸಾರು, ಮೇಲೆ ಗರಿಗರಿ ಹುರಿದ ಹಂದಿ ಚರ್ಮ. ದೋಣಿ ಹತ್ತುವವರೆಲ್ಲ ಅವಳ ಬಟ್ಟಲು ಖಾಲಿ ಮಾಡಿಯೇ ಹತ್ತುವುದು. ನಾನು ಹಡಗಿನ ಅಧಿಕಾರಿಯ ಪರೀಕ್ಷೆ ಪಾಸಾಗಿ, ದ್ವೀಪಗಳ ನಡುವೆ ಓಡಾಡುವ ಫೆರಿಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ಬಿಳಿ ಅಂಗಿ, ಭುಜದ ಮೇಲೆ ಒಂದು ಪಟ್ಟಿ. ನೀವು ನೋಡಬೇಕಿತ್ತು.

ಇಲ್ಲಿ ನನ್ನ ಹೆಸರು ಹೇಳಿದರೆ ಎಲ್ಲರೂ ನಗುತ್ತಾರೆ. ಇಲ್ಲಿನ ಮಾತಿನಲ್ಲಿ "ದಾಮಿ" ಅಂದರೆ "ಎಷ್ಟೊಂದು!" ಶಾಲೆಯಲ್ಲಿ ಹುಡುಗರು "ಎಷ್ಟೊಂದು ಏನೇ? ಎಷ್ಟೊಂದು ಸಾಲಾನಾ, ಎಷ್ಟೊಂದು ಹೇನಾ?" ಎಂದು ಕಾಡುತ್ತಿದ್ದರು. ಹೆಸರಿಟ್ಟ ತಾತನಿಗೆ ಇದು ಗೊತ್ತಿರಲಿಕ್ಕಿಲ್ಲ.

ಅಜ್ಜಿ, ಒಂದು ವಿಷಯ. ಅಪ್ಪ ಆ ದೇಶದವನು, ಅಮ್ಮ ಈ ದೇಶದವಳು, ಆದ್ದರಿಂದ ಹುಟ್ಟಿನಿಂದಲೇ ನಾನು ಎರಡೂ ದೇಶದವಳು. ಇಲ್ಲಿನ ಕೆಂಪು ಪಾಸ್‌ಪೋರ್ಟು ನನ್ನ ಹತ್ತಿರ ಇದೆ. ಚಿಕ್ಕವಳಿದ್ದಾಗಿನ ಅಲ್ಲಿನ ಹಸಿರು ಪಾಸ್‌ಪೋರ್ಟು ನಿಮ್ಮ ಪೆಟ್ಟಿಗೆಯಲ್ಲಿ ಉಳಿದಿರಬೇಕು. ನನಗೆ ಎರಡೂ ಬೇಕು. ಇಲ್ಲಿನದು ಬಿಟ್ಟರೆ ಹಡಗಿನ ಪರವಾನಗಿ ಹೋಗುತ್ತದೆ, ಅಮ್ಮನೂರಿನಲ್ಲೇ ನಾನು ಪರದೇಶಿ. ಅಲ್ಲಿನದು ಬಿಟ್ಟರೆ ಅಪ್ಪನ ಮನೆಯ ದಾಖಲೆಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆಯುತ್ತಾರೆ. ಎರಡನ್ನೂ ಉಳಿಸಿಕೊಳ್ಳಲು ದಾರಿಯಿದೆ. ಅಲ್ಲಿಗೇ ಬಂದು ಕಚೇರಿಯಲ್ಲಿ ಎದುರು ನಿಂತು ಮಾತು ಕೊಡಬೇಕಂತೆ. ನವೆಂಬರಿನಲ್ಲಿ ಬರಲೇ? ನಿಮ್ಮ ಮನೆಯಲ್ಲಿ ಇರಬಹುದೇ?

ನಿಮ್ಮ ದಾಮಿ

(ನನ್ನ ವಯಸ್ಸನ್ನು ನೀವು ತಪ್ಪು ಬರೆದಿದ್ದೀರಿ, ಪರವಾಗಿಲ್ಲ. ನಾನೂ ಕೆಲವು ಸಲ ಅಮ್ಮನ ವಯಸ್ಸು ಮರೆಯುತ್ತೇನೆ.)


ಗೋಹುಂಗ್, ಮೇ 24, 2018

ದಾಮಿ,

ನಿನ್ನ ಪತ್ರವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ, ಹಡಗಿನ ತನಕ ಮಾತ್ರ. ಬಿಳಿ ಅಂಗಿಯ ಜಾಗ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅದರ ಮುಂದಿನದನ್ನು ಮಡಚಿ ಒಳಗಿಟ್ಟೆ.

ಈ ವರ್ಷ ಬರಬೇಡ. ನವೆಂಬರಿನಲ್ಲಿ ಇಲ್ಲಿ ಚಳಿ ಶುರುವಾಗಿರುತ್ತದೆ, ನಿನಗೆ ರೂಢಿಯಿಲ್ಲ. ಮನೆಯಲ್ಲಿ ಕೆಳಗಿನಿಂದ ಕಾಯಿಸುವ ಬೆಚ್ಚನೆಯ ನೆಲ ಒಂದು ಕಡೆ ಒಡೆದಿದೆ. ಅದೇ ಹೊತ್ತಿಗೆ ಯೂಜಾ ನಿಂಬೆಯ ಕೊಯ್ಲು, ಮುಳ್ಳು ಚುಚ್ಚಿಸಿಕೊಂಡು ನಾನು ಹಗಲೆಲ್ಲ ತೋಟದಲ್ಲಿರುತ್ತೇನೆ. ಬಂದು ಏನು ಮಾಡುತ್ತೀಯ? ಮುಂದೆ ಯಾವತ್ತಾದರೂ ನೋಡೋಣ. ಮಿಂಚಿ ಹೋದದ್ದಕ್ಕೆ ಚಿಂತಿಸಿ ಫಲವಿಲ್ಲ.

ಹಸಿರು ಪಾಸ್‌ಪೋರ್ಟು ಪೆಟ್ಟಿಗೆಯಲ್ಲೇ ಇದೆ. ಫೋಟೋದಲ್ಲಿ ನಿನಗೆ ಮುಂದಿನ ಹಲ್ಲೆರಡು ಇಲ್ಲ.

ಯೂಜಾ ಸಕ್ಕರೆಪಾಕದ ಒಂದು ಜಾಡಿ ಕಳಿಸುತ್ತಿದ್ದೇನೆ. ಬಿಸಿನೀರಿಗೆ ಕಲಸಿ ಕುಡಿ, ಅಮ್ಮನಿಗೂ ಕೊಡು.

ಅಜ್ಜಿ


ಬತಂಗಾಸ್, ಜೂನ್ 20, 2018

ಅಜ್ಜಿ,

ಜಾಡಿ ಒಡೆಯದೆ ಬಂತು. ಅಮ್ಮ ಮುಚ್ಚಳ ತೆಗೆದು ಮೂಸಿದಳು, ಒಂದು ಎಳೆ ಸಿಪ್ಪೆ ಬೆರಳಲ್ಲಿ ಎತ್ತಿ ನೋಡಿದಳು. ಆಮೇಲೆ, "ಅತ್ತೆ ಸಿಪ್ಪೆನ ಈಗ್ಲೂ ಅಷ್ಟೇ ತೆಳ್ಳಗೆ ಹೆಚ್ತಾರೆ" ಅಂದಳು. ಅಷ್ಟೇ.

ಚಳಿಗೆ ನಾನು ಹೆದರುವುದಿಲ್ಲ. ಒಡೆದ ನೆಲದ ಮೇಲೆ ಮಲಗುತ್ತೇನೆ. ಕೊಯ್ಲಿಗೂ ಕೈ ಹಾಕುತ್ತೇನೆ. ರಜೆ ಕೇಳಿಯಾಗಿದೆ, ಬೇಡವೆಂದರೆ ಈಗಲೇ ಹೇಳಬೇಕು. ಬರಲೇ, ಬೇಡವೇ? ಒಂದು ಸಾಲು ಸಾಕು.

ದಾಮಿ


ಗೋಹುಂಗ್, ಜುಲೈ 15, 2018

ದಾಮಿ,

ಒಂದು ಸಾಲು ಕೇಳಿದ್ದೀಯ. ಆ ಸಾಲು ಬರೆಯಲು ಮೂರು ಹಾಳೆ ಹರಿದೆ.

ನಿನಗೆ ಅಲ್ಲಿ ಅಮ್ಮನಿದ್ದಾಳೆ, ಕೆಲಸವಿದೆ, ಭುಜದ ಮೇಲೆ ಪಟ್ಟಿಯಿದೆ. ಕೈಯಲ್ಲಿ ಇರುವುದನ್ನು ಗಟ್ಟಿಯಾಗಿ ಹಿಡಿದುಕೋ. ಎರಡು ದೋಣಿಯ ಮೇಲೆ ಕಾಲಿಟ್ಟವರು ನೀರಿಗೆ ಬೀಳುತ್ತಾರೆ ಎಂದು ಹಡಗಿನವಳಾದ ನಿನಗೆ ನಾನು ಹೇಳಬೇಕಾಗಿಲ್ಲ. ಕಚೇರಿಗೆ ಅಲೆಯುವುದೂ ಬೇಡ, ಅವರ ಬಾಯಲ್ಲಿ ಇಲ್ಲ ಅನ್ನಿಸಿಕೊಂಡು ಕಣ್ಣೀರು ಹಾಕುವುದೂ ಬೇಡ.

ಇಲ್ಲಿ ಈ ವರ್ಷ ಕಪ್ಪೆಚಿಪ್ಪು ಚೆನ್ನಾಗಿ ಸಿಗುತ್ತಿದೆ. ನಿನ್ನೆ ಕೆಸರಿನಲ್ಲಿ ಬೋಕ್‌ಸುನ್‌ಳ ಬೂಟು ಹೂತುಹೋಯಿತು. ಬೂಟು ಬಿಟ್ಟು ಅವಳನ್ನು ಮಾತ್ರ ಎಳೆದುಕೊಂಡು ಬಂದೆವು.

ಅಜ್ಜಿ


ಬತಂಗಾಸ್, ಆಗಸ್ಟ್ 12, 2018

ಅಜ್ಜಿ,

ಈ ಪತ್ರದಲ್ಲಿ ತಪ್ಪುಗಳಿದ್ದರೆ ಚೂ ಮೇಡಂ ತಿದ್ದದಿರಲಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ.

ನಿಮಗೆ ನಾನು ಬೇಡ, ಅಷ್ಟೇ ತಾನೇ? ನೆಲ ಒಡೆದಿದೆ, ಚಳಿ, ಕೊಯ್ಲು, ಈಗ ದೋಣಿ. ಬೇಡ ಅನ್ನುವುದಕ್ಕೆ ಇಷ್ಟೊಂದು ಸುತ್ತು ಯಾಕೆ?

ಅಪ್ಪ ಹೋದ ಮೇಲೆ ನಾವು ಊರು ಬಿಟ್ಟ ದಿನ ನನಗೆ ಮರೆತಿಲ್ಲ. ಬಸ್‌ಸ್ಟಾಪಿನಲ್ಲಿ ನನ್ನ ಒಂದು ಕೈ ನೀವು ಹಿಡಿದಿದ್ದಿರಿ, ಇನ್ನೊಂದು ಅಮ್ಮ. ನೀವು, "ಮಗು ನಮ್ಮ ಬಾನ್ ಮನೆತನದ್ದು, ಹೋಗೋದಾದ್ರೆ ನೀನೊಬ್ಳೇ ಹೋಗು" ಅಂದಿರಿ. ಅಮ್ಮ, "ಹೊಟ್ಟೇಲಿ ಹೊತ್ತಿದ್ದು ನಾನು" ಅಂದಳು. ಆಮೇಲೆ ಹದಿನಾಲ್ಕು ವರ್ಷ, ನಿಮ್ಮ ಜಾಡಿ ಬರುವ ತನಕ, ಅಮ್ಮ ನಿಮ್ಮ ಮಾತೆತ್ತಲಿಲ್ಲ. ಆದರೂ ನಾನು ಒಳಗೊಳಗೇ ಖುಷಿಪಡುತ್ತಿದ್ದೆ. ನನ್ನನ್ನು ಅಷ್ಟು ಗಟ್ಟಿಯಾಗಿ ಹಿಡಿದ ಒಂದು ಕೈ ಆ ಕಡೆಯೂ ಇದೆ ಎಂದು. ಈಗ ನಾನೇ ಓಡಿ ಬರುತ್ತೇನೆಂದರೆ ನೀವೇ ಕೈ ಬಿಡುತ್ತಿದ್ದೀರಿ.

ಹೇಳದೆ ಇಟ್ಟಿದ್ದ ಒಂದು ಮಾತು ಹೇಳಿಬಿಡುತ್ತೇನೆ, ನಿಮಗೆ ಆತಂಕವಾಗಬಾರದೆಂದು ಮುಚ್ಚಿಟ್ಟಿದ್ದೆ. ಕಚೇರಿಯಲ್ಲಿ ಮಾತು ಕೊಡುವುದಕ್ಕೆ ಗಡುವಿದೆ. ಇಪ್ಪತ್ತೆರಡು ತುಂಬುವುದರೊಳಗೆ ಆಗಬೇಕು. ಬರುವ ಡಿಸೆಂಬರ್ ಇಪ್ಪತ್ತೆಂಟಕ್ಕೆ ನನಗೆ ಇಪ್ಪತ್ತೆರಡು ತುಂಬುತ್ತದೆ. ಆಮೇಲೆ ಎರಡನ್ನೂ ಇಟ್ಟುಕೊಳ್ಳುವ ಮಾತೇ ಇಲ್ಲ. ನೀವು ಬೇಡವೆಂದರೆ ಬೇಡ. ಹಸಿರು ಪಾಸ್‌ಪೋರ್ಟನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ. ಹಲ್ಲಿಲ್ಲದ ಹುಡುಗಿಯನ್ನು ನೋಡಿಕೊಂಡಿರಿ.

ದಾಮಿ


ಗೋಹುಂಗ್, ಆಗಸ್ಟ್ 30, 2018

ದಾಮಿ! ದಾಮಿ! ಬಾ! ಓಡಿ ಬಾ!

ಅಯ್ಯೋ ನನ್ನ ಹಣೆಬರಹವೇ, ಎಲ್ಲಿಂದ ಶುರುಮಾಡಲಿ. ಮೊದಲು ಸತ್ಯ. ಮುಖಂಡ ಪ್ಯೊ ಹೊಸವರ್ಷದ ದಿನ ಬಂದು, "ಅಜ್ಜಿ, ನಿಮ್ ಮೊಮ್ಮಗಳು ಎರಡೂ ದೇಶ ಇಟ್ಕೋಬೋದಂತೆ, ಇಪ್ಪತ್ತೆರಡು ತುಂಬೋದ್ರೊಳಗೆ ಬಂದು ಹೇಳ್ಬೇಕಂತೆ" ಅಂದ. ನನ್ನ ಮುಂದೆ ನಿನ್ನ ಬಟ್ಟಲು ಖಾಲಿಯಾಗಿ ಕೂತಿತ್ತು. ಆಗತಾನೇ ತಿಂದು ನಿನ್ನನ್ನು ಇಪ್ಪತ್ತಮೂರಕ್ಕೆ ಏರಿಸಿದ್ದೆ! ಗಡುವು ದಾಟಿಯೇ ಹೋಯಿತಲ್ಲ, ದಾಟಿಸಿದ್ದೂ ನಾನೇ ಅಲ್ಲವೇ ಎಂದುಕೊಂಡೆ. ಆ ಹಾಳು ಬಟ್ಟಲು ತಿನ್ನದೆ ಇದ್ದಿದ್ದರೆ ಎಂದು ಒಬ್ಬಳೇ ಕೂತು ಬೈದುಕೊಂಡೆ. ನೀನು ಬಂದು, ಕಚೇರಿಯವರ ಬಾಯಲ್ಲಿ ಇಲ್ಲ ಅನ್ನಿಸಿಕೊಂಡು, ಮುಖ ಸಣ್ಣದು ಮಾಡಿಕೊಂಡು ಹಿಂತಿರುಗುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅದಕ್ಕೇ ಚಳಿ, ಅದಕ್ಕೇ ನೆಲ, ಅದಕ್ಕೇ ದೋಣಿ. ನೆಲ ಒಡೆದಿಲ್ಲ ಕಣೇ! ನೀನು ಬೇಡವೆಂದಲ್ಲ!

ನಿನ್ನ ಸಿಟ್ಟಿನ ಪತ್ರ ಓದಿ ರಾತ್ರಿ ಊಟ ಸೇರಲಿಲ್ಲ. "ಡಿಸೆಂಬರಿಗೆ ಇಪ್ಪತ್ತೆರಡು" ಎಂದು ಬರೆದಿದ್ದೀಯಲ್ಲ, ಪಾಪ, ಹುಡುಗಿಗೆ ತನ್ನ ವಯಸ್ಸೇ ಗೊತ್ತಿಲ್ಲ, ಪರದೇಶದಲ್ಲಿ ಯಾರೂ ಹೇಳಿಕೊಟ್ಟಿಲ್ಲ ಎಂದು ಮರುಕಪಟ್ಟೆ. ಬೆಳಗ್ಗೆ ಪತ್ರವನ್ನು ತರಗತಿಗೆ ತೆಗೆದುಕೊಂಡು ಹೋಗಿ ಚೂ ಮೇಡಂ ಮುಂದೆ ಇಟ್ಟೆ.

"ಮೇಡಂ, ಇವಳ ಲೆಕ್ಕ ತಿದ್ದಿ ಕೊಡಿ."

ಮೇಡಂ ಓದಿದರು. ಇನ್ನೊಂದು ಸಲ ಓದಿದರು. "ಅಜ್ಜಿ, ಇವಳ ಲೆಕ್ಕ ಸರಿಯಾಗೇ ಇದೆ. ತಿದ್ದಬೇಕಾಗಿರೋದು ನಿಮ್ದು."

"ಏನು? ನಾನೇ ಇವಳ ಬಾಯಿಗೆ ಜೇನು ಮುಟ್ಟಿಸ್ದೋಳು!"

"ಹುಟ್ಟಿದ್ದು ಯಾವಾಗ?"

"ತೊಂಬತ್ತಾರು, ಡಿಸೆಂಬರ್ ಇಪ್ಪತ್ತೆಂಟು. ಹಿಮ ಬೀಳ್ತಿತ್ತು."

"ಹುಟ್ಟಿದ ದಿನ ನಿಮ್ಮ ಲೆಕ್ಕದಲ್ಲಿ ಎಷ್ಟು?"

"ಒಂದು. ಹೊಟ್ಟೇಲಿದ್ದ ವರ್ಷ ಎಲ್ಲಿ ಹೋಗುತ್ತೆ?"

"ಹೊಸವರ್ಷ ಬಂದಾಗ?"

"ಎರಡು."

ಮೇಡಂ ಹಲಗೆಯ ಮೇಲೆ ಬರೆದರು. "ನೋಡಿ, ಕಣ್ಣು ಸರಿಯಾಗಿ ಬಿಡೋದ್ರೊಳಗೆ ಕೂಸಿಗೆ ಎರಡು ವರ್ಷ ಮಾಡಿದೀರಿ. ಸರ್ಕಾರಕ್ಕೆ ಹೊಟ್ಟೆಯೊಳಗಿನ ವರ್ಷ ಲೆಕ್ಕಕ್ಕಿಲ್ಲ. ನಿಮ್ಮ ಸಾರಿನ ಬಟ್ಟಲೂ ಲೆಕ್ಕಕ್ಕಿಲ್ಲ. ಹುಟ್ಟಿದ ದಿನ ಸೊನ್ನೆ. ಮುಂದಿನ ಡಿಸೆಂಬರಿಗೆ ಒಂದು. ಹಾಗೆ ಹೋದ್ರೆ ಈಗಿನ್ನೂ ಇಪ್ಪತ್ತೊಂದು. ಗಡುವು ಮುಗಿದಿಲ್ಲ ಅಜ್ಜಿ!"

ಬೋಕ್‌ಸುನ್ ಬೆಂಚು ಬಡಿದು, "ಲೇ ಸುನ್‌ದೊಕ್, ನೀನು ತಿಂದಿದ್ದು ವಯಸ್ಸಲ್ಲ ಕಣೇ, ಬರೀ ಅಕ್ಕಿ!" ಎಂದು ಕೂಗಿದಳು. ಇಡೀ ತರಗತಿ ನಕ್ಕಿತು. ನಾನು ನಗಲಿಲ್ಲ, ಅತ್ತುಬಿಟ್ಟೆ. ಆಮೇಲೆ ನಕ್ಕೆ. ಪ್ಯೊನನ್ನು ಕರೆಸಿ ಬೈದೆ. "ಅಜ್ಜಿ, ನಾನು ಸರಿಯಾಗೇ ಹೇಳಿದ್ನಲ್ಲ!" ಅಂದ. "ಯಾರ ಇಪ್ಪತ್ತೆರಡು ಅಂತ ಹೇಳ್ಬೇಕಿತ್ತು" ಅಂದೆ. ಯಾರನ್ನಾದರೂ ಬೈಯಬೇಕಿತ್ತಲ್ಲ.

ಪತ್ರವನ್ನು ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಹಲ್ಲಿಲ್ಲದ ಹುಡುಗಿಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು ಕಿಟಕಿಯಲ್ಲಿ ಇಟ್ಟಿದ್ದೇನೆ. ದಾರಿ ಕಾಯುತ್ತಿದ್ದಾಳೆ.

ಅಜ್ಜಿ


ಬತಂಗಾಸ್, ಸೆಪ್ಟೆಂಬರ್ 8, 2018

ಅಜ್ಜಿ, ಅಜ್ಜಿ, ಅಜ್ಜಿ,

ಟಿಕೆಟ್ ಆಯಿತು! ನವೆಂಬರ್ ಹದಿನೈದಕ್ಕೆ ಬರುತ್ತಿದ್ದೇನೆ.

ನಿಮ್ಮ ಪತ್ರವನ್ನು ಅಂಗಡಿಯಲ್ಲಿ ನಿಂತೇ ಅಮ್ಮನಿಗೆ ಓದಿ ಹೇಳಿದೆ. ಎಲ್ಲಿ ಮುಖ ಗಂಟಿಕ್ಕುತ್ತಾಳೋ ಎಂದು ಕಳ್ಳಗಣ್ಣಲ್ಲಿ ನೋಡುತ್ತಿದ್ದೆ. "ಬರೀ ಅಕ್ಕಿ" ಎಂಬಲ್ಲಿಗೆ ಬಂದಾಗ ಸೌಟು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಿರಾಕಿಗಳು ಏನಾಯಿತೆಂದು ಎದ್ದು ನಿಂತರು. ಆಮೇಲೆ ಕಣ್ಣೊರೆಸಿಕೊಂಡು, "ಹದಿನಾಲ್ಕು ವರ್ಷ ನಿನ್ನ ಪಾಲಿನ ಬಟ್ಟಲು ತಿಂದ್ರಾ? ಅವರಿಗೆ ಆ ಸಾರು ಜೀರ್ಣ ಆಗಲ್ಲ ಕಣೇ. ಆಗ್ಲೂ ಆಗ್ತಿರ್ಲಿಲ್ಲ" ಅಂದಳು.

ನಿಮಗೆ ಆ ಸಾರು ಆಗುವುದಿಲ್ಲವೇ ಅಜ್ಜಿ? ಈ ಮಾತು ನೀವು ಬರೆಯಲೇ ಇಲ್ಲ.

ನನ್ನ ಸಿಟ್ಟಿನ ಪತ್ರವನ್ನು ಹರಿದು ಹಾಕಿ. ಬೇಡ, ಇಟ್ಟುಕೊಳ್ಳಿ. ಅದು ಇಲ್ಲದಿದ್ದರೆ ಡಿಸೆಂಬರ್ ದಾಟಿಹೋಗುತ್ತಿತ್ತು.

ಇಪ್ಪತ್ತೊಂದು ವರ್ಷದ ದಾಮಿ


ಬತಂಗಾಸ್, ಜನವರಿ 16, 2019

ಪ್ರೀತಿಯ ಅಜ್ಜಿ,

ಮತ್ತೆ ಹಡಗಿನಲ್ಲಿದ್ದೇನೆ. ಕೈಯಲ್ಲಿ ಯೂಜಾ ಮುಳ್ಳಿನ ಗೀರುಗಳು ಇನ್ನೂ ಇವೆ. ಎದುರು ಬರುವ ಹಡಗುಗಳಿಗಿಂತ ಹೆಚ್ಚಾಗಿ ನಾನು ಅವನ್ನೇ ನೋಡುತ್ತಿದ್ದೇನೆಂದು ಕ್ಯಾಪ್ಟನ್ ಬೈದರು.

ಅಮ್ಮ ದಿನವೂ "ಇನ್ನೊಂದ್ಸಲ ಹೇಳು" ಅನ್ನುತ್ತಾಳೆ. ನಾನು ಹೇಳುವುದು ಹೀಗೆ, ತಪ್ಪಿದ್ದರೆ ತಿದ್ದಿ.

ಕಚೇರಿಯಲ್ಲಿ ನಮ್ಮ ಸರದಿ ಬಂದಾಗ ಅಜ್ಜಿ ನನಗಿಂತ ಮುಂದೆ ಹೋಗಿ ನಿಂತರು. ಅಧಿಕಾರಿಣಿ, "ಈ ನೆಲದಲ್ಲಿ ಇರೋವಾಗ ಇನ್ನೊಂದು ದೇಶದವಳು ಅಂತ ಹಕ್ಕು ಚಲಾಯಿಸೋದಿಲ್ಲ ಅಂತ ಮಾತು ಕೊಡ್ಬೇಕು. ಅರ್ಥ ಆಯ್ತಾ?" ಎಂದು ನನ್ನನ್ನು ಕೇಳಿದರು. ಉತ್ತರ ಕೊಟ್ಟಿದ್ದು ಅಜ್ಜಿ. "ಆಗದೆ ಏನು? ಅತ್ತೆ ಮನೇಲಿ ನಿಂತ್ಕೊಂಡು ತವರುಮನೆ ಜಂಬ ಕೊಚ್ಚಬಾರ್ದು, ತವರಿಗೆ ಹೋದಾಗ ಮಗಳಾಗಿರು. ಅಷ್ಟೇ ತಾನೇ?" ಅಧಿಕಾರಿಣಿ ಪೆನ್ನು ಕೆಳಗಿಟ್ಟು, "ಅಜ್ಜಿ, ಇಷ್ಟು ಚೆನ್ನಾಗಿ ನಾವೂ ಹೇಳಲ್ಲ" ಅಂದರು.

ನಾನು ಮಾತು ಕೊಟ್ಟೆ. ನನ್ನ ಕೊರಿಯನ್ ಎರಡು ಕಡೆ ಎಡವಿತು, ಅಜ್ಜಿ ತುಟಿ ಆಡಿಸಿ ದಾಟಿಸಿದರು. ನನ್ನ ಹೆಸರಿನ ಮೇಲೆ ಯಾರೂ ಗೆರೆ ಎಳೆಯಲಿಲ್ಲ. ಕೆಲವು ದಿನಗಳ ಮೇಲೆ ಹೊಸ ಹಸಿರು ಪಾಸ್‌ಪೋರ್ಟು ಕೈಗೆ ಬಂತು, ಈ ಸಲ ಹಲ್ಲುಗಳೆಲ್ಲ ಇದ್ದವು. ಅಜ್ಜಿ ಹಸಿರನ್ನು ಒಂದು ಕೈಯಲ್ಲಿ, ಕೆಂಪನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ಎಲ್ಲರಿಗೂ ತೋರಿಸಿದರು. "ನಮ್ ಹುಡುಗಿ ಹೆಸರು ಗೊತ್ತಾ? ದಾಮಿ. ಅವರಮ್ಮನ ಭಾಷೇಲಿ ಎಷ್ಟೊಂದು ಅಂತ ಅರ್ಥ. ನೋಡಿ, ಎಷ್ಟೊಂದು!"

ಚಾಂದ್ರಮಾನದ ಹೊಸವರ್ಷದವರೆಗೆ ನನಗೆ ರಜೆಯಿಲ್ಲವೆಂದು ಜನವರಿ ಒಂದಕ್ಕೇ ಸಾರು ಮಾಡಿದಿರಲ್ಲ, ಅಂದು ನನ್ನ ಬಟ್ಟಲನ್ನು ನಾನೇ ತಿಂದೆ. ಸರ್ಕಾರಕ್ಕೆ ಇಪ್ಪತ್ತೆರಡು, ಅಜ್ಜಿಗೆ ಇಪ್ಪತ್ತನಾಲ್ಕು. ಎರಡೂ ನಾನೇ. ನಿಮ್ಮ ಹೊಟ್ಟೆಗೆ ಆ ದಿನ ಅರ್ಧ ಕೆಲಸ.

ಅಮ್ಮ ಎಲ್ಲ ಕೇಳಿದ ಮೇಲೆ ದಿನವೂ ಒಂದೇ ಪ್ರಶ್ನೆ ಕೇಳುತ್ತಾಳೆ. "ನನ್ ಬಗ್ಗೆ ಏನಾದ್ರೂ ಕೇಳಿದ್ರಾ?" ಕೇಳಿದರು ಅನ್ನುತ್ತೇನೆ. ಏನು ಕೇಳಿದರು ಎಂದರೆ ನಾನು ಹೇಳುವುದಿಲ್ಲ. ಅದನ್ನು ನೀವೇ ಹೇಳಬೇಕು ಅಜ್ಜಿ.

ದಾಮಿ


ಗೋಹುಂಗ್, ಮಾರ್ಚ್ 4, 2019

ದಾಮಿ,

ಉತ್ತರ ತಡವಾಯಿತು, ಕೆಲಸವಿತ್ತು. ಏನು ಕೆಲಸವೆಂದು ಕೊನೆಯಲ್ಲಿ ಹೇಳುತ್ತೇನೆ. ಬೇಡ, ಈಗಲೇ ಹೇಳುತ್ತೇನೆ, ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನಿಂತಿದ್ದಕ್ಕೇ ಹೋದ ವರ್ಷ ಅಷ್ಟೊಂದು ಪಾಡಾಗಿದ್ದು.

ನಾನು ಪಾಸ್‌ಪೋರ್ಟು ಮಾಡಿಸಿದೆ!

ತಾಲ್ಲೂಕು ಕಚೇರಿಗೆ ಬೋಕ್‌ಸುನ್‌ಳನ್ನು ಜೊತೆಗೆ ಕರೆದುಕೊಂಡು ಹೋದೆ. ಅಲ್ಲಿಯ ಹುಡುಗ, "ಅಜ್ಜಿ, ಇಲ್ಲಿ ನಿಮ್ಮ ಸಹಿ. ಬರೆಯೋಕೆ ಬರ್ದಿದ್ರೆ ಮುದ್ರೆ ಒತ್ತಿದ್ರೂ ಸಾಕು" ಅಂದ. "ಮುದ್ರೆ ಯಾಕಪ್ಪಾ, ಕೈ ಇದೆಯಲ್ಲ" ಅಂದೆ. ಕನ್ನಡಕ ಹಾಕಿಕೊಂಡು, ಕೈಯನ್ನು ಅಂಗಿಗೆ ಒರೆಸಿಕೊಂಡು, ಮಾ ಸುನ್‌ದೊಕ್ ಎಂದು ಬರೆದೆ. ಹಿಂದೆ ಸಾಲು ಬೆಳೆಯಿತು. ಯಾರೋ ಗೊಣಗಿದರು. ಬೋಕ್‌ಸುನ್ ತಿರುಗಿ, "ಸ್ವಲ್ಪ ತಡ್ಕೊಳ್ರೀ, ಎಂಬತ್ತು ವರ್ಷ ಕಾದು ಬರೀತಿರೋ ಹೆಸರು!" ಅಂದಳು.

ಹುಡುಗ ಪರದೆ ನೋಡಿ, "ಎಂಬತ್ತಲ್ಲ ಅಜ್ಜಿ, ನಿಮಗೆ ಎಪ್ಪತ್ತೆಂಟು" ಅಂದ. ಕೇಳಿದೆಯಾ? ಸರ್ಕಾರ ನನಗೂ ಎರಡು ವರ್ಷ ವಾಪಸ್ ಕೊಟ್ಟಿತು! ಆ ಎರಡು ವರ್ಷ ಹೇಗೆ ಖರ್ಚು ಮಾಡುವುದೆಂದು ಬಸ್ಸಿನಲ್ಲಿ ಬರುತ್ತಾ ಯೋಚಿಸಿದೆ. ಏಪ್ರಿಲ್ ಹದಿನೆಂಟಕ್ಕೆ ಮನಿಲಾಕ್ಕೆ ಬಂದು ಇಳಿಯುತ್ತೇನೆ. ಚೂ ಮೇಡಂ ಟಿಕೆಟ್ ಮಾಡಿಸಿದ್ದಾರೆ. ವಿಮಾನದಲ್ಲಿ ಎಲ್ಲ ಫಲಕಗಳನ್ನೂ ಗಟ್ಟಿಯಾಗಿ ಓದಬೇಡಿ ಎಂದು ಎಚ್ಚರಿಸಿದ್ದಾರೆ. ಅದು ನನ್ನಿಂದ ಆಗುವುದಿಲ್ಲ.

ನಿನ್ನ ಅಮ್ಮನಿಗೆ ಈ ಮಾತು ಓದಿ ಹೇಳು. ನಿಧಾನವಾಗಿ ಓದು, ಅವಳು ಸೌಟು ಕೆಳಗಿಟ್ಟ ಮೇಲೆ.

ದಾಮಿಯ ಅಮ್ಮಾ, ಮಗು ಹುಟ್ಟಿದ ದಿನವೇ ಒಂದು ವರ್ಷದ್ದು ಎಂದು ಊರಿಗೆಲ್ಲ ಸಾರಿದವಳು ನಾನು. ಸರ್ಕಾರ ಆ ವರ್ಷವನ್ನು ಒಪ್ಪುವುದಿಲ್ಲವಂತೆ. ಒಪ್ಪದಿದ್ದರೆ ನಮ್ಮ ಗಂಟೇನು ಹೋಯಿತು? ಎರಡು ಪಾಸ್‌ಪೋರ್ಟಿನಲ್ಲೂ ಇಲ್ಲದ, ಯಾವ ದೇಶದ ಲೆಕ್ಕಕ್ಕೂ ಸಿಗದ ಆ ಮೊದಲ ವರ್ಷ ಅವಳಿದ್ದದ್ದು ನಿನ್ನ ಹೊಟ್ಟೆಯಲ್ಲಿ. ಬಸ್‌ಸ್ಟಾಪಿನಲ್ಲಿ ನೀನು ಹೇಳಿದ್ದು ಅದನ್ನೇ. ನನ್ನ ಕಿವಿ ಆಗಲೇ ಮಂದವಿತ್ತು ಎಂದುಕೋ. ಆ ವರ್ಷ ನಿನ್ನದು. ಅದನ್ನು ನಿನ್ನ ಕೈಗೇ ಒಪ್ಪಿಸಬೇಕೆಂದು ಅವಳ ಪಾಲಿನ ಆ ಹಿತ್ತಾಳೆಯ ಬಟ್ಟಲು ಹೊತ್ತುಕೊಂಡು ಬರುತ್ತಿದ್ದೇನೆ. ಸಾರು ಬೇಡ. ನನಗೆ ಜೀರ್ಣವಾಗದ್ದು ನಿನಗೆ ಗೊತ್ತೇ ಇದೆಯಲ್ಲ. ನಿನ್ನ ಲೋಮಿ ಹಾಕು, ಬಟ್ಟಲ ತುಂಬಾ.

ದಾಮಿ, ವಿಮಾನ ನಿಲ್ದಾಣದಲ್ಲಿ ಹೆಸರು ಹಿಡಿದು ಕೂಗಬೇಡ, ನನಗೆ ಕೇಳುವುದಿಲ್ಲ. ಎರಡೂ ಕೈ ಮೇಲೆತ್ತಿ ನಿಲ್ಲು. ಈ ಸಲ ಯಾರೂ ಎಳೆಯುವುದಿಲ್ಲ. ಒಂದನ್ನು ನಾನು ಹಿಡಿಯುತ್ತೇನೆ, ಇನ್ನೊಂದನ್ನು ನಿನ್ನ ಅಮ್ಮ ಹಿಡಿಯಲಿ.

ಎಪ್ಪತ್ತೆಂಟರ ಹುಡುಗಿ,
ಮಾ ಸುನ್‌ದೊಕ್
(ಸಹಿ ನನ್ನದೇ)